113 ಅನ್ನೋ ನಂಬರ್ ಸಂವಿಧಾನದಾಗ ಇಲ್ಲ: ಅತಂತ್ರ ವಿಧಾನಸಭೆ ನೋಟ್ಸ್

ಎಫ್‌ಡಿಎ, ಪಿಡಿಒ, ಕೆಎಎಸ್, ಯಾವುದಕ್ಕ ಓದ್ತಿದ್ರೂ ಈ ಟಾಪಿಕ್ ಬಿಡಬ್ಯಾಡ್ರಿ. ನಮ್ಮ ವಿಜಯಪುರದಾಗ ಲೈಬ್ರರಿ ಹೊರಗ ಚಾ ಕುಡೀವಾಗ ಇದರ ಮ್ಯಾಲೆ ಆಗೋ ವಾದ ಯಾವಾಗ್ಲೂ ಒಂದ, "ದೊಡ್ಡ ಪಕ್ಷಕ್ಕ ಮೊದ್ಲ ಕರೀಬೇಕಂತ ಸಂವಿಧಾನದಾಗ ಬರದೈತಲ್ಲೋ" ಅಂತ. ಎಲ್ಲೂ ಬರದಿಲ್ಲ.

ಸಂವಿಧಾನದ 164(1)ನೇ ವಿಧಿ ತಗದ ನೋಡ್ರಿ: ಮುಖ್ಯಮಂತ್ರಿನ್ನ ರಾಜ್ಯಪಾಲರು ನೇಮಕ ಮಾಡ್ತಾರ, ಉಳದ ಮಂತ್ರಿಗಳನ್ನ ಮುಖ್ಯಮಂತ್ರಿ ಸಲಹೆ ಮ್ಯಾಲೆ. 164(2): ಮಂತ್ರಿಮಂಡಲ ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆ. ಅಷ್ಟ. ಯಾರಿಗೂ ಬಹುಮತ ಬರಲಿಲ್ಲಂದ್ರ ಮೊದ್ಲ ಯಾರನ್ನ ಕರೀಬೇಕು ಅನ್ನೋದಕ್ಕ ದಾರಿ ತೋರಿಸಿದ್ದು ಕೇಂದ್ರ-ರಾಜ್ಯ ಸಂಬಂಧದ ಮ್ಯಾಲೆ ಆಗಿದ್ದ ಸರ್ಕಾರಿಯಾ ಆಯೋಗ, 1988ರ ವರದಿ. ಚುನಾವಣೆಗಿಂತ ಮೊದ್ಲ ಆದ ಮೈತ್ರಿಕೂಟ, ಅದಿಲ್ಲಂದ್ರ ಬ್ಯಾರೆಯವರ ಬೆಂಬಲ ಇಟ್ಕೊಂಡು ಹಕ್ಕು ಮಂಡಿಸೋ ಅತಿ ದೊಡ್ಡ ಪಕ್ಷ, ಆಮ್ಯಾಲೆ ಎಲ್ಲಾರೂ ಸರ್ಕಾರದಾಗ ಸೇರೋ ಚುನಾವಣೋತ್ತರ ಮೈತ್ರಿ, ಕಡೀಕ ಕೆಲವರು ಒಳಗ ಕೆಲವರು ಹೊರಗಿಂದ ಬೆಂಬಲ ಕೊಡೋ ಮೈತ್ರಿ. ಈ ಆರ್ಡರ್ ಬಾಯಿಪಾಠ ಇರ್ಲಿ, ಆದ್ರ ಇದು ಶಿಫಾರಸು, ಕಾಯ್ದೆ ಅಲ್ಲ. 2017ರಾಗ ಗೋವಾದಾಗ 40ರೊಳಗ ಕಾಂಗ್ರೆಸ್ 17 ಗೆದ್ದು ದೊಡ್ಡ ಪಕ್ಷ ಆಗಿತ್ತು, 13 ಗೆದ್ದ ಬಿಜೆಪಿಯ ಪರಿಕ್ಕರ್ ಉಳದವರ ಬೆಂಬಲ ತೋರಿಸಿ ಪ್ರಮಾಣವಚನ ತಗೊಂಡ್ರು, ಸದನದಾಗ 22-16ರಿಂದ ಗೆದ್ದೂ ಬಿಟ್ರು.

ಮರು ವರ್ಷ ನಮ್ಮಲ್ಲಿ ಬರೋಬ್ಬರಿ ಉಲ್ಟಾ. 2018ರ ಮೇದಾಗ ಮತದಾನ ಆಗಿದ್ದು 222 ಸೀಟಿಗೆ, ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37. ಸಿದ್ದರಾಮಯ್ಯ ನಮ್ಮ ಬಾಗಲಕೋಟೆ ಜಿಲ್ಲೆ ಬಾದಾಮಿಯೊಳಗ ಬರೇ 1,696 ಓಟಿನಿಂದ ಪಾರಾದ ಚುನಾವಣೆ ಅದು, ನೆನಪಿರಬೇಕು. ಕಾಂಗ್ರೆಸ್-ಜೆಡಿಎಸ್ ಕೂಡಿದ್ರ 115, ಆದ್ರೂ ರಾಜ್ಯಪಾಲ ವಜೂಭಾಯಿ ವಾಲಾ ದೊಡ್ಡ ಪಕ್ಷ ಅಂತ ಯಡಿಯೂರಪ್ಪನವರನ್ನ ಕರದು ಬಹುಮತ ತೋರಿಸ್ಲಿಕ್ಕೆ 15 ದಿನ ಕೊಟ್ರು. ರಾತ್ರೋರಾತ್ರಿ ಸುಪ್ರೀಂ ಕೋರ್ಟ್ ಬಾಗಿಲಾ ತಗೀತು. ಕೋರ್ಟು ಮೇ 17ರ ಪ್ರಮಾಣವಚನ ತಡೀಲಿಲ್ಲ, ಆದ್ರ ಮೇ 18ಕ್ಕ ಹೇಳಿತು, 15 ದಿನ ಇಲ್ಲ ಏನಿಲ್ಲ, ನಾಳೆ ಸಂಜೀಮುಂದ 4ಕ್ಕ ವಿಶ್ವಾಸಮತ, ಗುಪ್ತ ಮತದಾನ ನಡಿಯೂದಿಲ್ಲ. ಓಟಿಗೆ ಹಾಕೂಕಿಂತ ಮೊದ್ಲ ಯಡಿಯೂರಪ್ಪ ರಾಜೀನಾಮೆ ಕೊಟ್ರು. ನನ್ನ ಕೇಳಿದ್ರ ರಾಜ್ಯಪಾಲರು ಯಾರನ್ನ ಕರದ್ರು ಅನ್ನೋದಕ್ಕಿಂತ ಎಷ್ಟು ದಿನ ಕೊಟ್ರು ಅನ್ನೋದ ದೊಡ್ಡ ಪ್ರಶ್ನೆ, ಯಾಕಂದ್ರ ಆ ದಿನದಾಗ ರೆಸಾರ್ಟ್‌ನ್ಯಾಗ ಏನು ನಡೀತೈತಿ ಅಂತ ನಿಮಗೂ ಗೊತ್ತು ನನಗೂ ಗೊತ್ತು.

ಈಗ ಖರೇ ಲೆಕ್ಕ, ಇಲ್ಲಿ ಸಾವಕಾಶ ಓದ್ರಿ. 224ಕ್ಕ ಅರ್ಧ 112, ಒಂದು ಕೂಡಿಸಿದ್ರ 113, ಎಲ್ಲಾರೂ ಟಿವಿ ನೋಡಿ ಕಲ್ತದ್ದು ಇದ. ಆದ್ರ 189ನೇ ವಿಧಿ ಹೇಳೋದು "ಹಾಜರಿದ್ದು ಮತ ಹಾಕಿದವರ" ಬಹುಮತ ಅಂತ, ಸ್ಪೀಕರ್‌ನ ಬಿಟ್ಟು, ಅವರ ಓಟು ಸಮ-ಸಮ ಬಂದ್ರ ಮಾತ್ರ. 2019ರ ಜುಲೈ 23ಕ್ಕ ಕುಮಾರಸ್ವಾಮಿಯವರ ಕಾಂಗ್ರೆಸ್-ಜೆಡಿಎಸ್ ಸರ್ಕಾರ ಬಿದ್ದಾಗ ಪರ 99, ವಿರೋಧ 105, ಅಂದ್ರ ಓಟು ಹಾಕಿದವರ 204 ಮಂದಿ, ಅದಕ್ಕ 103 ಸಾಕಿತ್ತು. ಆಮ್ಯಾಲೆ ಸ್ಪೀಕರ್ ರಮೇಶ್ ಕುಮಾರ್ 17 ಮಂದಿ ಬಂಡಾಯ ಶಾಸಕರನ್ನ ಅನರ್ಹ ಮಾಡಿದ್ರು, ಒಬ್ಬ ನಾಮನಿರ್ದೇಶಿತ ಸದಸ್ಯರನ್ನೂ ಹಿಡದು 225 ಇದ್ದ ಸದನ 208ಕ್ಕ ಇಳೀತು, 105 ಇಟ್ಕೊಂಡ ಬಿಜೆಪಿ 113 ಮುಟ್ಟದ ಜುಲೈ 29ಕ್ಕ ವಿಶ್ವಾಸಮತ ಗೆದ್ದಿತು. ಆ 17ರೊಳಗ ಗೋಕಾಕ, ಅಥಣಿ, ಕಾಗವಾಡದ ಶಾಸಕರೂ ಇದ್ರು, ಮೂರೂ ಬೆಳಗಾವಿ ಜಿಲ್ಲೆನ. ಕೋರ್ಟು ನವೆಂಬರದಾಗ ಅನರ್ಹತೆ ಸರಿ ಅಂತು, ಆದ್ರ ಮತ್ತ ಚುನಾವಣೆಗೆ ನಿಲ್ಲಬಹುದು ಅಂತು, ಡಿಸೆಂಬರ್ ಉಪಚುನಾವಣೆದಾಗ ಆ ಮೂವರೂ ಬಿಜೆಪಿ ಟಿಕೆಟ್ ಮ್ಯಾಲೆ ಗೆದ್ದು ಬಂದ್ರು.

ಆ 17ರೊಳಗ ಬಹುತೇಕರು ಪಕ್ಷ ಬದಲು ಮಾಡೂದು ಬಿಟ್ಟು ಶಾಸಕ ಸ್ಥಾನಕ್ಕ ರಾಜೀನಾಮೆ ಯಾಕ ಕೊಟ್ರು? 1985ರ 52ನೇ ತಿದ್ದುಪಡಿಯಿಂದ ಬಂದ ಹತ್ತನೇ ಅನುಸೂಚಿ, ಅಂದ್ರ ಪಕ್ಷಾಂತರ ಮಾಡಿದ್ರ ಶಾಸಕ ಸ್ಥಾನಾನ ಹೋಗೋ ಕಾನೂನು. ಮೊದ್ಲ ಮೂರನೇ ಒಂದು ಪಾಲು ಒಡದು ಬಂದ್ರ ಮಾಫಿ ಇತ್ತು, 2003ರ 91ನೇ ತಿದ್ದುಪಡಿ ಅದನ್ನ ತಗದ್ಹಾಕಿತು, ಈಗ ವಿಲೀನಕ್ಕ ಮೂರನೇ ಎರಡು ಪಾಲು ಬೇಕು. ಅಷ್ಟು ಮಂದಿ ಕೂಡ್ಸೂದಕ್ಕಿಂತ ಹತ್ತಿಪ್ಪತ್ತು ಮಂದಿ ರಾಜೀನಾಮೆ ಕೊಡಿಸಿ ಸದನಾನ ಸಣ್ಣದು ಮಾಡೂದು ಸಲೀಸು. ಆಪರೇಷನ್ ಕಮಲ ಅಂತ ಪೇಪರ್‌ನವರು ಬರದದ್ದು ಇದಕ್ಕ.

ಎಸ್.ಆರ್. ಬೊಮ್ಮಾಯಿ ಕೇಸು ಬರೇ 356ನೇ ವಿಧಿಗೆ, ಅಂದ್ರ ರಾಷ್ಟ್ರಪತಿ ಆಳ್ವಿಕೆಗೆ ಅಂತ ಓದಬ್ಯಾಡ್ರಿ. 1989ರಾಗ ಶಾಸಕರ ಪತ್ರ ಎಣಿಸಿ ರಾಜ್ಯಪಾಲರು ಬಹುಮತ ಇಲ್ಲ ಅಂತ ದಿಲ್ಲಿಗೆ ಬರದ್ರು, ಆಗಿನ ಮುಖ್ಯಮಂತ್ರಿ ಬೊಮ್ಮಾಯಿಯವರು ಸದನದಾಗ ತೋರಸ್ತೀನಿ ಅಂದ್ರೂ ಕೇಳಲಿಲ್ಲ. 1994ಕ್ಕ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು, ಬಹುಮತ ಎಣಿಸೋ ಜಾಗ ಸದನ, ರಾಜಭವನ ಅಲ್ಲ. 2018ರಾಗ ಒಂದ ದಿನದಾಗ ವಿಶ್ವಾಸಮತ ಅಂತ ಕೋರ್ಟು ಹೇಳಾಕ ಬುನಾದಿ ಇದ.

ಇನ್ನೊಂದು ಸಣ್ಣದು: ಅದ 91ನೇ ತಿದ್ದುಪಡಿ ಮಂತ್ರಿಮಂಡಲಕ್ಕ ಶೇಕಡಾ 15ರ ಮಿತಿ ಹಾಕೇತಿ, ನಮ್ಮಲ್ಲಿ ಮುಖ್ಯಮಂತ್ರಿನ್ನೂ ಹಿಡದು 34. ಮೈತ್ರಿ ಸರ್ಕಾರದಾಗ ಖಾತೆ ಹಂಚೂಮುಂದ ಸಿಟ್ಟು ಬರೋದು ಇಲ್ಲೆ. 33 ಅಂತ ಆಪ್ಶನ್ ಕೊಟ್ಟಿದ್ರ ಟಿಕ್ ಮಾಡೂಕಿಂತ ಮೊದ್ಲ "ಮುಖ್ಯಮಂತ್ರಿ ಬಿಟ್ಟು" ಅಂತ ಐತೇನು ನೋಡ್ರಿ.