ತರಕಾರಿ ವಡೆ: ಎಣ್ಣೆಗಿಂತ ಮೊದಲು ನೀರು ನೋಡಿ

ಹೋದ ತಿಂಗಳು ಕೋಲಾರದ ನನ್ನ ಕ್ಲಿನಿಕ್ಕಿಗೆ ಒಬ್ಬರು ಬಂದಿದ್ದರು. ಅವರ ಯಜಮಾನರಿಗೆ ಎರಡು ವರ್ಷದಿಂದ ಸಕ್ಕರೆ ಕಾಯಿಲೆ, ಅತ್ತೆಯವರಿಗೆ ಬಿಪಿ. ಮಗಳಿಗೆ ಹತ್ತು ವರ್ಷ ತುಂಬುತ್ತಿತ್ತು. ಮನೆಯಲ್ಲೇ ಸಣ್ಣ ಪಾರ್ಟಿ, ನಲವತ್ತು ಜನ. "ಮೇಡಂ, ಮಕ್ಕಳಿಗೆ ಕೇಕ್ ಇದೆ. ದೊಡ್ಡವರಿಗೆ ಊಟಕ್ಕೆ ಮೊದಲು ಕೊಡೋಕೆ ಎಣ್ಣೆ ಇಲ್ಲದ್ದು ಏನಾದ್ರೂ ಹೇಳಿ. ಪಕೋಡ ತರಿಸಿದ್ರೆ ನಮ್ಮವರು ಸುಮ್ನೆ ಇರಲ್ಲ" ಅಂದರು.

ಊಟ ತಿಂಡಿಯ ಸಲಹೆ ಹೇಳುವುದು ನನ್ನ ಕೆಲಸ. ಈ ಪ್ರಶ್ನೆ ನನಗೆ ಹೊಸದಲ್ಲ. ನಾಮಕರಣ, ಗೃಹಪ್ರವೇಶ, ಹುಟ್ಟುಹಬ್ಬ ಏನೇ ಬಂದರೂ ಕೇಳುತ್ತಾರೆ. ನನ್ನ ಉತ್ತರವೂ ಹಳೆಯದೇ. ಎಣ್ಣೆ ಪೂರ್ತಿ ಬಿಡಬೇಕಾಗಿಲ್ಲ. ತರಕಾರಿಯೇ ಜಾಸ್ತಿ ಇರುವ ವಡೆ ಮಾಡಿ. ಹಾಗೆ ಮಾಡಿದರೆ ಎಣ್ಣೆ ತಾನಾಗೇ ಕಡಿಮೆಯಾಗುತ್ತದೆ.

ತರಕಾರಿ ವಡೆ ಎಂದು ನಾವು ಕರೆಯುವುದನ್ನು ಒಮ್ಮೆ ಮುರಿದು ನೋಡಿ. ಬಹಳ ಸಲ ಅದರಲ್ಲಿ ಮುಕ್ಕಾಲು ಪಾಲು ಕಡಲೆಹಿಟ್ಟೇ ಇರುತ್ತದೆ. ಅಲ್ಲೊಂದು ಇಲ್ಲೊಂದು ಕ್ಯಾರೆಟ್ ಎಳೆ, ಒಂದಿಷ್ಟು ಕೊತ್ತಂಬರಿ. ಇಷ್ಟು ಹಿಟ್ಟು ಹಾಕಬೇಕೆಂದು ಯಾರೂ ಅಂದುಕೊಂಡಿರುವುದಿಲ್ಲ. ಅದು ಹೇಗೆ ಆಗುತ್ತದೆ ಎಂದರೆ, ಕೋಸು ಹೆಚ್ಚಿ, ಕ್ಯಾರೆಟ್ ತುರಿದು, ಉಪ್ಪು ಹಾಕಿ, ಹಿಟ್ಟು ಹಾಕಿ ಕಲಸುತ್ತೇವೆ. ಆಗ ಗಟ್ಟಿಯಾಗಿಯೇ ಇರುತ್ತದೆ. ಬಾಣಲೆ ಇಟ್ಟು, ಎಣ್ಣೆ ಕಾದು, ಬಂದು ನೋಡಿದರೆ ಪಾತ್ರೆಯಲ್ಲಿ ನೀರು. ಒಂದು ಹಿಡಿ ಹಿಟ್ಟು ಸೇರಿಸುತ್ತೇವೆ. ಎರಡು ಸಲ ಕರಿಯುವಷ್ಟರಲ್ಲಿ ಮತ್ತೆ ನೀರು, ಮತ್ತೊಂದು ಹಿಡಿ. ಉಪ್ಪು ತರಕಾರಿಯ ಒಳಗಿನ ನೀರನ್ನು ಹೊರಗೆ ಎಳೆಯುತ್ತದೆ. ಎಷ್ಟು ಹೊತ್ತು ಬಿಟ್ಟರೆ ಅಷ್ಟು ಎಳೆಯುತ್ತಲೇ ಇರುತ್ತದೆ.

ಹಿಟ್ಟು ಜಾಸ್ತಿಯಾದರೆ ವಡೆ ದಪ್ಪ ಮತ್ತು ಗಟ್ಟಿ. ಒಳಗೆ ಬೇಯಲು ಹೊತ್ತು ಬೇಕು. ಗಟ್ಟಿ ಆಯಿತಲ್ಲ ಎಂದು ಚಿಟಿಕೆ ಸೋಡ ಹಾಕುತ್ತೇವೆ. ಸೋಡ ಹಿಟ್ಟಿನಲ್ಲಿ ಸಣ್ಣ ಸಣ್ಣ ತೂತು ಮಾಡುತ್ತದೆ, ಆ ತೂತುಗಳಲ್ಲಿ ಎಣ್ಣೆ ಹೋಗಿ ಕೂರುತ್ತದೆ. ಸೋಡದಲ್ಲಿ ಸೋಡಿಯಂ ಕೂಡ ಇದೆ, ಬಿಪಿ ಇರುವವರ ಲೆಕ್ಕಕ್ಕೆ ಅದೂ ಸೇರುತ್ತದೆ. ಇಷ್ಟಕ್ಕೆಲ್ಲ ಶುರು ಎಲ್ಲಿ? ತರಕಾರಿಯ ನೀರಿನಲ್ಲಿ. ಅದಕ್ಕೇ ಆ ನೀರನ್ನು ಮೊದಲೇ ತೆಗೆದುಬಿಡಿ ಎನ್ನುತ್ತೇನೆ.

ಸುಮಾರು ನಲವತ್ತು ಸಣ್ಣ ವಡೆಗೆ ನಾನು ಹೇಳುವ ಅಳತೆ ಹೀಗಿದೆ. ಎಲೆಕೋಸು 200 ಗ್ರಾಂ ತೀರಾ ಸಣ್ಣಗೆ ಹೆಚ್ಚಿ. ಕ್ಯಾರೆಟ್ 150 ಗ್ರಾಂ, ನವಿಲುಕೋಸು 150 ಗ್ರಾಂ ತುರಿಯಿರಿ. ನವಿಲುಕೋಸನ್ನು ನಮ್ಮಲ್ಲಿ ಸಾರು, ಪಲ್ಯಕ್ಕೆ ಬಿಟ್ಟು ಬೇರೆಗೆ ನೆನೆಯುವುದೇ ಕಡಿಮೆ. ವಡೆಯಲ್ಲಿ ಅದರ ಸಣ್ಣ ಸಿಹಿ ತುಂಬಾ ಚೆನ್ನಾಗಿ ಕೂರುತ್ತದೆ. ಈ ತರಕಾರಿಗೆ ಒಂದು ಚಮಚ ಉಪ್ಪು ಬೆರೆಸಿ ಹತ್ತು ನಿಮಿಷ ಬಿಡಿ. ಆಮೇಲೆ ತೆಳ್ಳನೆ ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ ಬಲವಾಗಿ ಹಿಂಡಿ. ಅರ್ಧ ಲೋಟದವರೆಗೂ ನೀರು ಬರಬಹುದು. ಅದನ್ನು ಚೆಲ್ಲಬೇಡಿ, ಚಪಾತಿ ಹಿಟ್ಟು ಕಲಸಲು ಅಥವಾ ಸಾರಿಗೆ ಆಗುತ್ತದೆ. ಅದರಲ್ಲಿ ಉಪ್ಪಿದೆ, ಅಲ್ಲಿ ಬೇರೆ ಉಪ್ಪು ಹಾಕುವಾಗ ನೆನಪಿರಲಿ. ಹಿಂಡಿದ ತರಕಾರಿಯಲ್ಲೂ ಉಪ್ಪು ಉಳಿದಿರುತ್ತದೆ. ಆದ್ದರಿಂದ ಹೂರಣಕ್ಕೆ ಇನ್ನು ಉಪ್ಪು ಬೇಡ. ಒಂದು ಚೂರು ಬಾಯಿಗೆ ಹಾಕಿ ನೋಡಿ, ಗೊತ್ತಾಗುತ್ತದೆ.

ಇದಕ್ಕೆ ಒಂದು ಹಿಡಿ ಸಬ್ಬಸಿಗೆ, ಒಂದು ಹಿಡಿ ನುಗ್ಗೆಸೊಪ್ಪು, ಒಂದು ಈರುಳ್ಳಿ, ಶುಂಠಿ, ಹಸಿಮೆಣಸಿನಕಾಯಿ, ಕರಿಬೇವು. ಸೊಪ್ಪನ್ನು ತೊಳೆದು, ಬಟ್ಟೆಯ ಮೇಲೆ ಹರಡಿ, ಪೂರ್ತಿ ಆರಿದ ಮೇಲೆ ಹೆಚ್ಚಬೇಕು. ಒದ್ದೆ ಸೊಪ್ಪು ಹಾಕಿದರೆ ಹಿಂಡಿದ ಕಷ್ಟವೆಲ್ಲ ದಂಡ. ನಮ್ಮ ಕಡೆ ಬೆರಕೆ ಸೊಪ್ಪು ಬಿಡಿಸುವ ಅಜ್ಜಿಯಂದಿರು ಇನ್ನೂ ಇದ್ದಾರೆ. ಅವರು ತರುವ ಎಳೆ ಸೊಪ್ಪು ಸಿಕ್ಕಿದರೆ ಬೇರೆ ಸೊಪ್ಪು ಹುಡುಕಲೇಬೇಡಿ.

ಈಗ ಅಂಟಿನ ವಿಷಯ. ಕಡಲೆಹಿಟ್ಟಿಗಿಂತ ನೆನೆಸಿದ ಕಡಲೆಬೇಳೆ ನನಗೆ ಇಷ್ಟ. ಒಂದು ಲೋಟ, ಅಂದರೆ ಸುಮಾರು 150 ಗ್ರಾಂ ಬೇಳೆಯನ್ನು ಎರಡು ಗಂಟೆ ನೆನೆಸಿ, ಜರಡಿಯಲ್ಲಿ ಕಾಲು ಗಂಟೆ ಬಸಿದು, ಒಂದು ತೊಟ್ಟು ನೀರೂ ಹಾಕದೆ ತರಿತರಿಯಾಗಿ ರುಬ್ಬಿ. ಅಂಬೊಡೆ ಮಾಡುವ ಎಲ್ಲರಿಗೂ ಈ ಹದ ಗೊತ್ತು. ತರಿ ಇದ್ದರೆ ಅಗಿಯಲು ಸಿಗುತ್ತದೆ. ಅಗಿದು ತಿಂದರೆ ನಿಧಾನವಾಗಿ ತಿನ್ನುತ್ತೇವೆ, ಕಡಿಮೆಗೇ ತೃಪ್ತಿ ಆಗುತ್ತದೆ. ಜೊತೆಗೆ ಎರಡು ದೊಡ್ಡ ಚಮಚ ಅಕ್ಕಿಹಿಟ್ಟು, ಎರಡು ದೊಡ್ಡ ಚಮಚ ರಾಗಿಹಿಟ್ಟು. ಅಕ್ಕಿಹಿಟ್ಟು ಗರಿಗೆ. ರಾಗಿಹಿಟ್ಟು ಉಳಿದ ಪಸೆಯನ್ನು ಹೀರಿಕೊಳ್ಳುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಇದೆ ನಿಜ. ಆದರೆ ಎರಡು ಚಮಚದಿಂದ ಮೂಳೆ ಗಟ್ಟಿಯಾಗುತ್ತದೆ ಎಂದು ನಾನು ಹೇಳುವುದಿಲ್ಲ. ಇಲ್ಲಿ ರಾಗಿಯ ಕೆಲಸ ನೀರು ಹಿಡಿಯುವುದು, ಮತ್ತೆ ಆ ಘಮ.

ಕಲಸಿದ್ದನ್ನು ಅಂಗೈಯಲ್ಲಿ ಒತ್ತಿದರೆ ಕೂಡಿಕೊಳ್ಳಬೇಕು, ಅಂಚು ಸ್ವಲ್ಪ ಬಿರುಕು ಬಿಟ್ಟರೂ ಪರವಾಗಿಲ್ಲ. ನುಣ್ಣಗೆ ಉಂಡೆಯಾಗಿ ಕೂತರೆ ಹಿಟ್ಟು ಜಾಸ್ತಿ ಆಗಿದೆ ಎಂದೇ ಅರ್ಥ.

ಬೇಯಿಸುವುದಕ್ಕೆ ದೋಸೆ ಕಾವಲಿ ಸಾಕು. ನಿಂಬೆಹಣ್ಣಿನ ಗಾತ್ರದ ಉಂಡೆಯನ್ನು ಅರ್ಧ ಬೆರಳು ದಪ್ಪಕ್ಕೆ ತಟ್ಟಿ, ನಾಲ್ಕು ವಡೆಗೆ ಒಂದು ಚಮಚ ಎಣ್ಣೆಯಂತೆ ಸುತ್ತಲೂ ಬಿಟ್ಟು, ನಡು ಉರಿಯಲ್ಲಿ ಒಂದೊಂದು ಕಡೆ ನಾಲ್ಕೈದು ನಿಮಿಷ. ಕಡಲೆಬೇಳೆ ಹಸಿ ಇರುತ್ತದಲ್ಲ, ಮೊದಲ ಎರಡು ನಿಮಿಷ ಮೇಲೊಂದು ತಟ್ಟೆ ಮುಚ್ಚಿ. ಆಮೇಲೆ ತೆಗೆಯಲೇಬೇಕು, ಇಲ್ಲದಿದ್ದರೆ ಹಬೆಯೇ ನೀರಾಗಿ ಮೆತ್ತಗಾಗುತ್ತದೆ. 5 ಮಿಲಿಯ ಒಂದು ಚಮಚ ಎಣ್ಣೆಯಲ್ಲಿ ಸುಮಾರು 40 ಕ್ಯಾಲೊರಿ. ನಾಲ್ಕು ವಡೆಗೆ ಹಂಚಿದರೆ ಒಂದಕ್ಕೆ ಎಣ್ಣೆಯಿಂದ ಬರುವುದು ಹತ್ತು ಕ್ಯಾಲೊರಿ. ಸಕ್ಕರೆ ಕಾಯಿಲೆಯವರು ಮೂರು ತಿಂದರೂ ನಾನು ಗದರುವುದಿಲ್ಲ.

ಪಡ್ಡಿನ ಕಾವಲಿ ಇದ್ದರೆ ಇನ್ನೂ ಸುಲಭ. ಗುಂಡಿಗೆ ಎರಡು ಹನಿ ಎಣ್ಣೆ ಸಾಕು, ಆಕಾರವೂ ಒಂದೇ ಸಮ. ಏರ್ ಫ್ರೈಯರ್ ಬಗ್ಗೆ ಈಗ ವಾರಕ್ಕೊಬ್ಬರು ಕೇಳುತ್ತಾರೆ. ಇದ್ದರೆ ಬಳಸಿ, ಇದಕ್ಕಾಗಿ ಕೊಳ್ಳಬೇಡಿ. ಬಳಸುವಾಗ ವಡೆಗೆ ತೆಳ್ಳಗೆ ಎಣ್ಣೆ ಸವರಿ. ಸವರದಿದ್ದರೆ ಹೊರಗೆ ಒಣಗಿ ಒಳಗೆ ಹಿಟ್ಟು ಹಿಟ್ಟಾಗಿ ಉಳಿಯುತ್ತದೆ.

ಕರಿದೇ ತಿನ್ನಬೇಕು ಎನ್ನುವವರಿಗೂ ಎರಡು ಮಾತು. ಹಬ್ಬದ ದಿನ ಕರಿದರೆ ತಪ್ಪೇನಿಲ್ಲ, ಆದರೆ ಕರಿಯುವಾಗ ಒಳಗೆ ಏನಾಗುತ್ತದೆ ಎಂದು ತಿಳಿದಿರಲಿ. ವಡೆ ಬಿಟ್ಟ ಕೂಡಲೇ ಸುತ್ತಲೂ ಗುಳ್ಳೆ ಏಳುತ್ತವೆ. ಅದು ವಡೆಯೊಳಗಿನ ನೀರು ಹಬೆಯಾಗಿ ಹೊರಬರುತ್ತಿರುವುದು. ಹಬೆ ಹೊರಗೆ ನುಗ್ಗುತ್ತಿರುವಷ್ಟು ಹೊತ್ತು ಎಣ್ಣೆಗೆ ಒಳಗೆ ಬರಲು ದಾರಿ ಇಲ್ಲ. ಎಣ್ಣೆ 170ರಿಂದ 180 ಡಿಗ್ರಿ ಸೆಲ್ಸಿಯಸ್ ಇದ್ದರೆ ಹಬೆ ಜೋರಾಗಿರುತ್ತದೆ, ಹೊರಗಿನ ಪದರವೂ ಬೇಗ ಗಟ್ಟಿಯಾಗುತ್ತದೆ. ಥರ್ಮಾಮೀಟರ್ ಬೇಕಿಲ್ಲ. ಚೂರು ಹಿಟ್ಟು ಹಾಕಿದರೆ ತಳಕ್ಕೆ ಹೋಗಿ ತಕ್ಷಣ ಮೇಲೆ ಬರಬೇಕು, ಕಪ್ಪಾಗಬಾರದು. ಬಾಣಲೆ ತುಂಬಾ ವಡೆ ಬಿಟ್ಟರೆ ಎಣ್ಣೆ ತಣ್ಣಗಾಗಿ ಈ ಹದ ತಪ್ಪುತ್ತದೆ.

ಇನ್ನೊಂದು ಸಂಗತಿ ತುಂಬಾ ಜನರಿಗೆ ಗೊತ್ತಿಲ್ಲ. ವಡೆ ಎಣ್ಣೆ ಕುಡಿಯುವುದು ಬಹುಪಾಲು ಬಾಣಲೆಯಿಂದ ಹೊರಗೆ ಬಂದ ಮೇಲೆ. ತಣ್ಣಗಾಗುತ್ತಿದ್ದಂತೆ ಒಳಗಿನ ಹಬೆ ಕುಗ್ಗುತ್ತದೆ, ಆಗ ಮೈಗೆ ಅಂಟಿಕೊಂಡ ಎಣ್ಣೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಆದ್ದರಿಂದ ತೆಗೆದ ಮೊದಲ ಅರ್ಧ ನಿಮಿಷವೇ ಮುಖ್ಯ. ಜಾಲರಿ ಸೌಟಿನಲ್ಲಿ ಬಾಣಲೆಯ ಮೇಲೇ ಹಿಡಿದು ಚೆನ್ನಾಗಿ ಕೊಡವಿ, ಒಂದರ ಮೇಲೊಂದು ಪೇರಿಸದೆ ತಂತಿ ಜಾಲರಿಯ ಮೇಲೆ ಬಿಡಿಬಿಡಿಯಾಗಿ ಇಡಿ. ಪೇರಿಸಿದರೆ ಕೆಳಗಿನದು ಮೇಲಿನದರ ಎಣ್ಣೆಯನ್ನೂ ಕುಡಿಯುತ್ತದೆ. ಪೇಪರ್ ಹಾಕುವುದಾದರೆ ಟಿಶ್ಯೂ ಹಾಕಿ, ಹಳೆಯ ನ್ಯೂಸ್ ಪೇಪರ್ ಬೇಡವೇ ಬೇಡ. ಅದರ ಇಂಕು ತಿಂಡಿಗೆ ಹತ್ತುತ್ತದೆ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಎಚ್ಚರಿಸಿದೆ. ನಮ್ಮಲ್ಲಿ ಇನ್ನೂ ಬಿಟ್ಟಿಲ್ಲ, ಅದು ನನಗೆ ತುಂಬಾ ಬೇಸರದ ವಿಷಯ.

ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದೂ ಹಾಗೆಯೇ. ಒಂದು ಸಮಾರಂಭಕ್ಕೆ ಹೋದಾಗ ಅಡುಗೆ ಕಡೆ ಇಣುಕಿ ನೋಡಿದ್ದೆ. ಎಣ್ಣೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಅಂದು ಮಕ್ಕಳ ತಟ್ಟೆಯಲ್ಲಿ ಬೋಂಡ ನೋಡಿ ಏನೂ ಹೇಳಲಾಗದೆ ಬಂದೆ. ಪದೇ ಪದೇ ಕಾದ ಎಣ್ಣೆಯಲ್ಲಿ ಕೆಟ್ಟ ಅಂಶಗಳು ಹೆಚ್ಚುತ್ತಾ ಹೋಗುತ್ತವೆ. ಅವು 25 ಶೇಕಡಾ ದಾಟಿದ ಎಣ್ಣೆಯನ್ನು ಬಳಸಬಾರದು ಎಂಬ ನಿಯಮ 2018ರ ಜುಲೈಯಿಂದ ಇದೆ. ಮನೆಯಲ್ಲಿ ಅಳೆಯಲು ಆಗುವುದಿಲ್ಲ. ಅದಕ್ಕೆ ಸಣ್ಣ, ಆಳದ ಬಾಣಲೆಯಲ್ಲಿ ಸ್ವಲ್ಪವೇ ಎಣ್ಣೆ ಹಾಕಿ. ಉಳಿದದ್ದನ್ನು ಸೋಸಿ, ಎರಡು ಮೂರು ದಿನದಲ್ಲಿ ಒಗ್ಗರಣೆಗೆ ಮುಗಿಸಿ. ನೊರೆ ಬಂದರೆ, ಬೇಗ ಹೊಗೆಯಾಡಿದರೆ, ಬಣ್ಣ ಗಾಢವಾದರೆ ಎಸೆದುಬಿಡಿ.

ಎಲ್ಲ ತರಕಾರಿಯನ್ನೂ ಒಂದೇ ತರ ನೋಡಬೇಡಿ. ಬೀನ್ಸ್, ಬಟಾಣಿಯಲ್ಲಿ ಹಿಂಡುವಂಥ ನೀರಿಲ್ಲ, ಹಬೆಯಲ್ಲಿ ಬೇಯಿಸಿ ಆರಿಸಿದರೆ ಸಾಕು. ಸೀಮೆಬದನೆ, ಮೂಲಂಗಿಗೆ ಹಿಂಡುವುದು ಕಡ್ಡಾಯ. ಬೀಟ್‌ರೂಟ್ ಬಣ್ಣ ಮಕ್ಕಳಿಗೆ ಇಷ್ಟ, ಆದರೆ ಅದು ಉಳಿದೆಲ್ಲದರ ಬಣ್ಣ ನುಂಗುತ್ತದೆ, ಬೇರೆಯಾಗಿಯೇ ಮಾಡಿ. ಆಲೂಗಡ್ಡೆ ಅಂಟಿಗೆ ಚೆನ್ನ, ಆದರೆ ಅದು ಸೇರಿದರೆ ತರಕಾರಿ ವಡೆ ಹೋಗಿ ಆಲೂ ಟಿಕ್ಕಿ ಆಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಪಾರ್ಟಿ ಇದ್ದರೆ ಕೋಲಾರದವರು ಅವರೆಕಾಳು ಬಿಟ್ಟು ಬೇರೆ ಹುಡುಕುವುದು ಬೇಡ. ಹಿತಕಿದ ಬೇಳೆಯನ್ನು ಬೇಯಿಸಿ, ಬಸಿದು, ಅರೆಬರೆ ಮಸೆದು ಇದೇ ಹೂರಣಕ್ಕೆ ಸೇರಿಸಿ. ಹಸಿಯಾಗಿ ರುಬ್ಬಿ ಹಾಕಬೇಡಿ. ಕಾವಲಿಯ ಆ ಹತ್ತು ನಿಮಿಷದಲ್ಲಿ ಅವರೆ ಪೂರ್ತಿ ಬೇಯುವುದಿಲ್ಲ, ಹೊಟ್ಟೆ ಕೆಡುತ್ತದೆ.

ನಲವತ್ತು ಜನಕ್ಕೆ ತಲೆಗೆ ಮೂರರಂತೆ 120 ವಡೆ, ಅಂದರೆ ಮೇಲಿನ ಅಳತೆಯ ಮೂರು ಪಟ್ಟು. ಇಲ್ಲಿ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಮೂರು ಪಟ್ಟನ್ನೂ ಒಟ್ಟಿಗೆ ಕಲಸಿ ಇಡುತ್ತಾರೆ. ನೀವು ಎಷ್ಟೇ ಹಿಂಡಿದ್ದರೂ ಅರ್ಧ ಗಂಟೆಯಲ್ಲಿ ಮತ್ತೆ ನೀರು ಬಿಡುತ್ತದೆ. ಬೆಳಿಗ್ಗೆ ಕೋಸು ಹೆಚ್ಚಿ, ತುರಿದು, ಉಪ್ಪು ಹಾಕದೆ ಡಬ್ಬಿಯಲ್ಲಿ ಫ್ರಿಜ್‌ಗೆ ಇಡಿ. ರುಬ್ಬಿದ ಬೇಳೆ ಬೇರೆ ಡಬ್ಬಿಗೆ. ನೆಂಟರು ಬರುವ ಹೊತ್ತಿಗೆ ಒಂದು ಪಾಲಿಗೆ ಮಾತ್ರ ಉಪ್ಪು ಹಾಕಿ, ಹಿಂಡಿ, ಕಲಸಿ, ಬೇಯಿಸಿ. ಅದು ಖಾಲಿಯಾಗುವಾಗ ಮುಂದಿನ ಪಾಲು. ಅಡುಗೆಮನೆಯಲ್ಲಿ ಕೈ ಜೋಡಿಸುವವರು ಯಾರೂ ಇಲ್ಲದಿದ್ದರೆ ಬೆಳಿಗ್ಗೆಯೇ ಎರಡೂ ಕಡೆ ಮುಕ್ಕಾಲು ಬೇಯಿಸಿ, ಆರಿದ ತಕ್ಷಣ ಫ್ರಿಜ್‌ನಲ್ಲಿಟ್ಟು, ಸಂಜೆ ಕಾವಲಿಯ ಮೇಲೆ ಒಳಗಿನವರೆಗೂ ಬಿಸಿಯಾಗುವಂತೆ ಗರಿ ಮಾಡಿಕೊಡಿ. ಬಿಸಿಲುಕಾಲದಲ್ಲಿ ಮೇಜಿನ ಮೇಲೆ ಎರಡು ಗಂಟೆಗಿಂತ ಜಾಸ್ತಿ ಬಿಡಬೇಡಿ.

ವಡೆಗೆ ಮೊದಲು ಒಂದು ಸಣ್ಣ ಬಟ್ಟಲು ಹೆಸರುಬೇಳೆ ಕೋಸಂಬರಿ ಕೊಡಿ. ಬೇಳೆ, ಸೌತೆಕಾಯಿ ಮೊದಲು ಹೊಟ್ಟೆಗೆ ಹೋದರೆ ಊಟದ ನಂತರ ಸಕ್ಕರೆ ಏರುವುದು ನಿಧಾನವಾಗುತ್ತದೆ. ಸಕ್ಕರೆ ಕಾಯಿಲೆಯವರನ್ನು ಬೇರೆ ಕೂರಿಸದೆ, ಎಲ್ಲರಿಗೂ ಅದೇ ಕೊಡುವುದು ನನಗೆ ಸರಿ ಎನಿಸುತ್ತದೆ.

ಬಾಟಲಿಯ ಸಾಸ್ ಬದಲು ಟೊಮೆಟೊ ಚಟ್ನಿ ಮಾಡಿ. ಸಾಸಿನಲ್ಲಿ ಸಕ್ಕರೆ, ಉಪ್ಪು ಎರಡೂ ಇವೆ. ಇಡೀ ದೇಶಕ್ಕೆ ಟೊಮೆಟೊ ಕಳಿಸುವ ಊರು ನಮ್ಮದು. ಬೆಲೆ ಬಿದ್ದಾಗ ರೈತರು ರಸ್ತೆ ಬದಿ ಸುರಿದು ಹೋಗುವುದನ್ನು ನೋಡಿದ್ದೇವೆ. ಹಾಗಿರುವಾಗ ಬಾಟಲಿ ಯಾಕೆ? ನಾಲ್ಕು ಹಣ್ಣನ್ನು ಕಾವಲಿಯಲ್ಲಿ ಸುಟ್ಟು, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಒಂದು ಹಿಡಿ ಹುರಿದ ಕಡಲೆಕಾಯಿ ಬೀಜದ ಜೊತೆ ಗಟ್ಟಿಯಾಗಿ ರುಬ್ಬಿ. ಕಡಲೆಕಾಯಿ ಬೀಜ ಆಗದವರು ಯಾರಾದರೂ ಬರುತ್ತಾರಾ ಎಂದು ಮೊದಲೇ ಕೇಳಿಕೊಳ್ಳಿ. ಆಗ ಅದರ ಬದಲು ಹುರಿಗಡಲೆ ಹಾಕಬಹುದು.

ಆ ತಾಯಿ ಪಾರ್ಟಿಗೆ ನಾಲ್ಕು ದಿನ ಮೊದಲು ಒಮ್ಮೆ ಮಾಡಿ ನೋಡಿದ್ದರು. ಫೋನ್ ಮಾಡಿ, "ಮೇಡಂ, ಹಿಂಡಿದ್ರೂ ಒಡೀತಾ ಇದೆ" ಅಂದರು. ಕೇಳಿದರೆ, ಬೇಳೆ ರುಬ್ಬುವಾಗ ಮಿಕ್ಸಿ ತಿರುಗಲಿಲ್ಲವೆಂದು ಕಾಲು ಲೋಟ ನೀರು ಹಾಕಿದ್ದರು. ಸ್ವಲ್ಪ ಸ್ವಲ್ಪವೇ ಬೇಳೆ ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ ಎಂದೆ. ಪಾರ್ಟಿ ಆದ ಮೇಲೆ ಮತ್ತೆ ಫೋನ್ ಬಂತು. ಯಜಮಾನರು ನಾಲ್ಕು ತಿಂದರಂತೆ, ಅತ್ತೆಯವರು ಸೋರೆಕಾಯಲ್ಲೂ ಮಾಡು ಅಂದರಂತೆ. "ಆಗುತ್ತಾ ಮೇಡಂ?" ಎಂದು ಕೇಳಿದರು. ಆಗುತ್ತದೆ. ಎಳೆಯ ಕಾಯಿ ತಗೊಳ್ಳಿ, ಒಳಗಿನ ತಿರುಳು, ಬೀಜ ತೆಗೆದು ತುರಿಯಿರಿ. ಉಪ್ಪಿನಲ್ಲಿ ಐದು ನಿಮಿಷ ಜಾಸ್ತಿ ಬಿಟ್ಟು, ಎರಡು ಸಲ ಹಿಂಡಿ.