ಒಂದು ಆಪರೇಷನ್ ಥಿಯೇಟರ್‌ಗೆ (ಓಟಿ) ಎಷ್ಟು ಸೆಟ್ ಉಪಕರಣ ಬೇಕು?

ಪ್ರಶ್ನೆ: ಸಿಂಧನೂರಿನಲ್ಲಿ 30 ಹಾಸಿಗೆಯ ಆಸ್ಪತ್ರೆ ಆರಂಭಿಸುತ್ತಿದ್ದೇವೆ. ಇರುವುದು ಒಂದೇ ಆಪರೇಷನ್ ಥಿಯೇಟರ್. ಹೆಚ್ಚಾಗಿ ಸಿಸೇರಿಯನ್, ಜೊತೆಗೆ ಹರ್ನಿಯಾ, ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಗಳಿರುತ್ತವೆ. ಉಪಕರಣ ಮಾರುವವರು ಸಿಸೇರಿಯನ್ ಸೆಟ್ಟೇ ಎಂಟು ಬೇಕೆಂದು ಕೊಟೇಷನ್ ಕೊಟ್ಟಿದ್ದಾರೆ. ನಮ್ಮ ಡಾಕ್ಟರು ಎರಡು ಸಾಕು ಎನ್ನುತ್ತಾರೆ. ಯಾರ ಮಾತು ಕೇಳಬೇಕು?

ಉತ್ತರ: ಇಬ್ಬರನ್ನೂ ಕೇಳುವ ಮೊದಲು, ಉಪಕರಣಗಳನ್ನು ತೊಳೆದು, ಒತ್ತಡದ ಆವಿಯಿಂದ ಸೂಕ್ಷ್ಮಾಣುಗಳನ್ನು ಕೊಲ್ಲುವ ಯಂತ್ರದಲ್ಲಿ, ಅಂದರೆ ಆಟೋಕ್ಲೇವ್‌ನಲ್ಲಿ ಇಡಲಿರುವ ಓಟಿ ಸಿಸ್ಟರ್ ಅವರನ್ನು ಕೇಳಿ. ಎಷ್ಟು ಸೆಟ್ ಬೇಕೆಂಬುದು ದಿನಕ್ಕೆ ಎಷ್ಟು ಆಪರೇಷನ್ ನಡೆಯುತ್ತದೆ ಎಂಬುದರಷ್ಟೇ, ಬಳಸಿದ ಸೆಟ್ ಮತ್ತೆ ಮೇಜಿಗೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನೂ ಅವಲಂಬಿಸಿದೆ. ಆ ಹೊತ್ತಿನ ಲೆಕ್ಕ ಇರುವುದು ಅವರ ಬಳಿ.

ಬಳಸಿದ ಸೆಟ್ಟನ್ನು ನೆನೆಹಾಕಿ, ಬ್ರಷ್‌ನಿಂದ ಹಲ್ಲುಹಲ್ಲಿನ ಸಂದಿಯ ರಕ್ತ ತೆಗೆದು, ತೊಳೆದು, ಒರೆಸಿ, ಎಣಿಸಿ, ಬಟ್ಟೆಯಲ್ಲಿ ಸುತ್ತಿ ಕಟ್ಟುವಷ್ಟರಲ್ಲಿ ಒಂದು ಗಂಟೆ ಕಳೆಯುತ್ತದೆ. ಸಾಧಾರಣ ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು 15 ಪೌಂಡ್ ಒತ್ತಡದಲ್ಲಿ ಸುತ್ತಿದ ಸೆಟ್ 30 ನಿಮಿಷ ಇರಬೇಕು. ಆದರೆ ನೀರು ಕಾಯುವ ಹೊತ್ತು, ಆವಿ ಬಿಟ್ಟ ಮೇಲೆ ಒಣಗುವ ಹೊತ್ತು, ತಣಿಯುವ ಹೊತ್ತು ಸೇರಿದರೆ ಅದೇ ಎರಡು ಗಂಟೆಯಾಗುತ್ತದೆ. ಒದ್ದೆಯಾಗಿರುವ ಕಟ್ಟನ್ನು ಅವಸರದಲ್ಲಿ ಹೊರತೆಗೆದರೆ ಬಟ್ಟೆಯ ತೇವದ ಮೂಲಕ ಸೂಕ್ಷ್ಮಾಣುಗಳು ಒಳಗೆ ಸೇರುವುದರಿಂದ, ಆ ಎರಡು ಗಂಟೆಯನ್ನು ಕಡಿತಗೊಳಿಸುವಂತಿಲ್ಲ. ಒಟ್ಟು ಮೂರು ಗಂಟೆ ಎಂದಿಟ್ಟುಕೊಳ್ಳಿ.

ಉದಾಹರಣೆಗೆ, ಬೆಳಿಗ್ಗೆ ಒಂಬತ್ತಕ್ಕೆ ಮೊದಲ ಸಿಸೇರಿಯನ್, ನಂತರ ಒಂದೂವರೆ ಗಂಟೆಗೊಂದರಂತೆ ಹತ್ತೂವರೆಗೆ, ಹನ್ನೆರಡಕ್ಕೆ, ಒಂದೂವರೆಗೆ ಉಳಿದವು. ಒಂಬತ್ತರ ಸೆಟ್ ಹತ್ತಕ್ಕೆ ಬಿಡುಗಡೆಯಾಗಿ ಮಧ್ಯಾಹ್ನ ಒಂದಕ್ಕೆ ಸಿದ್ಧವಾಗುತ್ತದೆ, ಒಂದೂವರೆಯ ಆಪರೇಷನ್‌ಗೆ ಅದೇ ಒದಗುತ್ತದೆ. ಹೀಗೆ ದಿನಕ್ಕೆ ನಾಲ್ಕು ಸಿಸೇರಿಯನ್‌ಗೆ ಮೂರು ಸೆಟ್ ಸಾಕು. ರಾತ್ರಿ ಎರಡಕ್ಕೆ ಬರುವ ಹೆರಿಗೆ ನೋವಿನ ತಾಯಿಗೆಂದು ಕಟ್ಟು ಬಿಚ್ಚದ ಒಂದು ಸೆಟ್ ಕಪಾಟಿನಲ್ಲಿ ಸದಾ ಇರಬೇಕು. ಅಲ್ಲಿಗೆ ನಾಲ್ಕು. ಹರ್ನಿಯಾ, ಅಪೆಂಡಿಕ್ಸ್‌ಗೆ ಜನರಲ್ ಸರ್ಜರಿ ಸೆಟ್ ಎರಡು. ನಿಮ್ಮಲ್ಲಿ ದಿನಕ್ಕೆ ಎರಡೇ ಸಿಸೇರಿಯನ್ ಆಗುವಂತಿದ್ದರೆ ಮೂರು ಸಿಸೇರಿಯನ್ ಸೆಟ್‌ಗಳಲ್ಲೇ ನಿಭಾಯಿಸಬಹುದು.

ಹಾಗಾದರೆ ಎಂಟು ಸೆಟ್ ಇದ್ದರೆ ಕೆಡುವುದೇನು? ಹಣ ಇದ್ದರೆ ಕೆಡುವುದೇನಿಲ್ಲ, ಆದರೆ ಆ ಹಣಕ್ಕೆ ಬೇರೆ ಕೆಲಸವಿದೆ. ಕೆಲವು ವರ್ಷಗಳ ಹಿಂದೆ ರಾಯಚೂರು ಜಿಲ್ಲೆಯ ಒಂದು ಆಸ್ಪತ್ರೆಯ ಉಪಕರಣಗಳ ಹೊಣೆ ನನ್ನ ಮೇಲಿತ್ತು. ಅಲ್ಲಿ ಸೆಟ್‌ಗಳಿಗೆ ಕೊರತೆಯೇ ಇರಲಿಲ್ಲ. ಆಟೋಕ್ಲೇವ್ ಮಾತ್ರ ಒಂದೇ. ಏಪ್ರಿಲ್‌ನ ಬಿಸಿಲಲ್ಲಿ ಒಂದು ದಿನ ಅದರ ಹೀಟರ್ ಕಾಯಿಲ್ ಸುಟ್ಟಿತು. ಬಿಚ್ಚಿ ನೋಡಿದರೆ ಕಾಯಿಲ್ ಮೇಲೆ ಬೆರಳು ದಪ್ಪ ಬಿಳಿ ಸುಣ್ಣ ಕಟ್ಟಿತ್ತು, ಚಾಕುವಿನಿಂದ ಕೆರೆದರೂ ಬಿಡುತ್ತಿರಲಿಲ್ಲ. ಹೈದರಾಬಾದಿನಿಂದ ಎಂಜಿನಿಯರ್ ಬರಲು ಮೂರು ದಿನ ಹಿಡಿಯಿತು. ಅಷ್ಟೂ ದಿನ ಉಪಕರಣ ತುಂಬಿದ ಡ್ರಮ್‌ಗಳನ್ನು ಆಟೋದಲ್ಲಿ ಹೇರಿಕೊಂಡು ಊರಿನ ಇನ್ನೊಂದು ಆಸ್ಪತ್ರೆಗೆ ಓಡಾಡಿದೆವು. ಆದ್ದರಿಂದ ಐದನೆಯ ಸೆಟ್ಟಿನಿಂದ ಎಂಟನೆಯದರವರೆಗಿನ ಹಣವನ್ನು ಎರಡನೆಯ ಆಟೋಕ್ಲೇವ್‌ನ ಲೆಕ್ಕಕ್ಕೆ ಸೇರಿಸಿ. ಅದು ಚಿಕ್ಕದಾದರೂ ಆದೀತು.

ಆ ಸುಣ್ಣ ನಮ್ಮ ಕಡೆಯ ಬೋರ್‌ವೆಲ್ ನೀರಿನ ಗುಣ. ರಾಯಚೂರು, ಕೊಪ್ಪಳ ಜಿಲ್ಲೆಗಳ ಬಹಳಷ್ಟು ಕಡೆ ನೀರು ಗಡಸು, ಕೆಲವೆಡೆ ಸವುಳು. ಸವುಳು ನೀರಿನ ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲನ್ನೂ ಬಿಡುವುದಿಲ್ಲ. ರಕ್ತನಾಳ ಹಿಡಿಯುವ ಆರ್ಟರಿ ಫೋರ್ಸೆಪ್ಸ್‌ನ ಕೀಲಿನಲ್ಲಿ ಮೊದಲು ಕಂದು ಚುಕ್ಕೆ, ಆಮೇಲೆ ಸೂಜಿಮೊನೆಯಷ್ಟು ಗುಳಿ ಕಾಣಿಸುತ್ತದೆ. ಕೊನೆಯ ಸಲ ತೊಳೆಯಲು ಮತ್ತು ಆಟೋಕ್ಲೇವ್‌ಗೆ ಹಾಕಲು ಆರ್‌ಒ ನೀರನ್ನೇ ಬಳಸಬೇಕು. ಆರ್‌ಒ ಘಟಕದ ಬೆಲೆಯನ್ನು ಉಪಕರಣಗಳ ಬಜೆಟ್ಟಿನಲ್ಲೇ ಬರೆಯಿರಿ, ಕಟ್ಟಡದ ಖರ್ಚಿಗೆ ಬಿಟ್ಟರೆ ಅದು ಮರೆತೇ ಹೋಗುತ್ತದೆ.

ಸೆಟ್ ಕೊಳ್ಳುವಾಗ ಪೆಟ್ಟಿಗೆಯನ್ನಷ್ಟೇ ಎಣಿಸಿ ಸಹಿ ಹಾಕಬೇಡಿ. ಡೋಯನ್ ರಿಟ್ರ್ಯಾಕ್ಟರ್, ಗ್ರೀನ್ ಆರ್ಮಿಟೇಜ್, ಆಲಿಸ್, ಸ್ಪಾಂಜ್ ಹೋಲ್ಡರ್ ಎಂದು ಒಂದೊಂದನ್ನೂ ಪಟ್ಟಿಯೊಂದಿಗೆ ತಾಳೆ ನೋಡಿ. ಆರ್ಟರಿ ಫೋರ್ಸೆಪ್ಸನ್ನು ಹಿಡಿಕೆಯ ಮೊದಲ ಹಲ್ಲಿಗೆ ಹಾಕಿ ಅಂಗೈಗೆ ತಟ್ಟಿದರೆ ಅದು ತಾನಾಗಿ ಬಿಚ್ಚಿಕೊಳ್ಳಬಾರದು. ಕತ್ತರಿಯನ್ನು ಒದ್ದೆ ಗಾಜ್ ಬಟ್ಟೆಯ ಮೇಲೆ ಪರೀಕ್ಷಿಸಿ: ತುದಿಯವರೆಗೆ ಕತ್ತರಿಸಬೇಕು, ಬಟ್ಟೆಯನ್ನು ಕಚ್ಚಿ ಎಳೆಯಬಾರದು. ನೀಡಲ್ ಹೋಲ್ಡರ್‌ನ ಬಾಯಲ್ಲಿ ಸಣ್ಣ ಹೊಲಿಗೆ ದಾರ ಹಿಡಿದು ಎಳೆದಾಗ ಅದು ಜಾರಿದರೆ ವಾಪಸ್ ಕೊಡಿ. ಮೊದಲು ಸವೆಯುವುದು ಕತ್ತರಿ ಮತ್ತು ನೀಡಲ್ ಹೋಲ್ಡರ್‌ಗಳಾದ್ದರಿಂದ, ಇಡೀ ಸೆಟ್ ಹೆಚ್ಚಿಗೆ ಕೊಳ್ಳುವ ಬದಲು ಇವೆರಡನ್ನೇ ಬಿಡಿಯಾಗಿ ಒಂದೆರಡು ಹೆಚ್ಚಿಗೆ ತೆಗೆದಿಡುವುದು ಮೇಲು. ಕಾಂತ ಅಂಟಿದರೆ ಸ್ಟೀಲ್ ಕಳಪೆ ಎಂಬ ಮಾತನ್ನು ನಂಬಬೇಡಿ. ಹರಿತ ನಿಲ್ಲಬೇಕಾದ ಉಪಕರಣಗಳನ್ನು ಮಾಡುವ 420 ದರ್ಜೆಯ ಸ್ಟೀಲಿಗೆ ಕಾಂತ ಅಂಟಿಯೇ ಅಂಟುತ್ತದೆ.

ಕಾಗದಪತ್ರದ ವಿಷಯ. 2017ರ ವೈದ್ಯಕೀಯ ಸಾಧನಗಳ ನಿಯಮಗಳ ಅಡಿಯಲ್ಲಿ ಹೆಚ್ಚು ಅಪಾಯದ ವರ್ಗಗಳ ಸಾಧನಗಳಿಗೂ 2023ರ ಅಕ್ಟೋಬರ್‌ನಿಂದ ಪರವಾನಗಿ ಕಡ್ಡಾಯವಾಗಿದೆ. ಅನಸ್ತೇಷಿಯಾ ಯಂತ್ರ, ರಕ್ತಸ್ರಾವ ನಿಲ್ಲಿಸಲು ಸುಡುವ ಕಾಟರಿ, ಮಾನಿಟರ್‌ಗಳ ಕೊಟೇಷನ್‌ನಲ್ಲಿ ಆ ಪರವಾನಗಿ ಸಂಖ್ಯೆ ನಮೂದಾಗಿರಲಿ. ಇಂಥ ಉಪಕರಣಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರ ಬದಲು ಶೇ 5 ಆಗಿದೆ, ಹಳೆಯ ಕೊಟೇಷನ್ ಹಿಡಿದು ಕೂತಿದ್ದರೆ ಹೊಸದು ಕೇಳಿ. ಚಿಕಿತ್ಸೆಯ ಶುಲ್ಕಕ್ಕೆ ಬಹುಪಾಲು ಜಿಎಸ್‌ಟಿ ಇಲ್ಲದ ಕಾರಣ, ನೀವು ಕಟ್ಟಿದ ತೆರಿಗೆ ನಿಮಗೆ ವಾಪಸ್ ಬರುವುದಿಲ್ಲ, ಅದು ನೇರವಾಗಿ ಖರ್ಚೇ.

ನಿರ್ವಹಣೆಯ ಒಪ್ಪಂದದಲ್ಲಿ ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಎಂದರೆ ಸಾಮಾನ್ಯವಾಗಿ ಎಂಜಿನಿಯರ್ ಬಂದು ನೋಡಿ ಹೋಗುವುದು. ಬಿಡಿಭಾಗದ ಬೆಲೆಯೂ ಸೇರಬೇಕಾದರೆ ಸಿಎಂಸಿ (ಸಮಗ್ರ ನಿರ್ವಹಣಾ ಒಪ್ಪಂದ). ಆಟೋಕ್ಲೇವ್‌ಗೆ ಸಿಎಂಸಿಯನ್ನೇ ಮಾಡಿಸಿ, ಗ್ಯಾಸ್ಕೆಟ್ ಮತ್ತು ಹೀಟರ್ ಕಾಯಿಲ್ ಅದರಲ್ಲಿ ಸೇರಿವೆಯೇ ಎಂದು ಬರಹದಲ್ಲಿ ನೋಡಿ. ದೂರು ಕೊಟ್ಟ ಎಷ್ಟು ಗಂಟೆಯೊಳಗೆ ಸಿಂಧನೂರಿಗೆ ಬರುತ್ತಾರೆ, ಎಂಜಿನಿಯರ್ ಇರುವ ಊರು ಯಾವುದು ಎಂಬುದನ್ನೂ ಬರೆಸಿಕೊಳ್ಳಿ. ಸರ್ಕಾರಿ ಜಿಲ್ಲಾ ಆಸ್ಪತ್ರೆಗಳ ಯಂತ್ರಗಳ ನಿರ್ವಹಣಾ ಕಾರ್ಯಕ್ರಮದಲ್ಲಿ ಶೇ 95ರಷ್ಟು ಸಮಯ ಯಂತ್ರ ಕೆಲಸದಲ್ಲಿರಬೇಕೆಂಬ ಗುರಿಯಿದೆ. ಅದೇ ಷರತ್ತನ್ನು ನೀವೂ ಕೇಳಬಹುದು. ಮಾರುವವರು ಮುಖ ಸಿಂಡರಿಸಬಹುದು, ಆದರೆ ಚೆಕ್ ಬರೆಯುವ ಮುನ್ನ ಕೇಳಿದರೆ ಒಪ್ಪುತ್ತಾರೆ.

ಸದ್ಯಕ್ಕೆ ನಾಲ್ಕು ಸಿಸೇರಿಯನ್ ಸೆಟ್, ಎರಡು ಜನರಲ್ ಸೆಟ್ ಕೊಂಡು ಕೆಲಸ ಆರಂಭಿಸಿ. ಯಾವ ದಿನ ಯಾವ ಸೆಟ್ ಎಷ್ಟು ಗಂಟೆಗೆ ಬಿಚ್ಚಿದರು, ಮತ್ತೆ ಎಷ್ಟಕ್ಕೆ ಸಿದ್ಧವಾಯಿತು ಎಂದು ಸಿಸ್ಟರ್ ಒಂದು ರಿಜಿಸ್ಟರಿನಲ್ಲಿ ಬರೆಯಲಿ. ಮೂರು ತಿಂಗಳಲ್ಲಿ ಕಪಾಟು ಬರಿದಾಗಿ ಆಪರೇಷನ್ ಕಾಯಬೇಕಾಗಿ ಬಂದ ದಿನಗಳು ಅದರಲ್ಲಿ ಕಂಡರೆ ಐದನೆಯ ಸೆಟ್‌ಗೆ ಆರ್ಡರ್ ಕೊಡಿ.