ಓದುಗರ ಪ್ರಶ್ನೆ: ‘ಇದು ಕೂಡೋದಾ, ಕಳೆಯೋದಾ?’

ಪ್ರಶ್ನೆ: ಮಕ್ಕಳಿಗೆ ಮಗ್ಗಿ ಬರುತ್ತದೆ, ಕೂಡಲು ಕಳೆಯಲು ಬರುತ್ತದೆ. ದಿನಬಳಕೆಯ ಹೇಳಿಕೆ ಲೆಕ್ಕ ಕೊಟ್ಟರೆ ಮಾತ್ರ ‘ಇದು ಕೂಡೋದಾ, ಕಳೆಯೋದಾ?’ ಎಂದು ಕೇಳುತ್ತಾರೆ. ಏನು ಮಾಡಬೇಕು?

ಮತ್ತದೇ ಪ್ರಶ್ನೆ, ಮತ್ತದೇ ಉತ್ತರ: ಗೋಡೆಗೆ ಅಂಟಿಸಿರುವ ಆ ಪಟ್ಟಿಯನ್ನು ಮೊದಲು ಕಿತ್ತುಹಾಕಿ. ‘ಒಟ್ಟು’ ಕಂಡರೆ ಕೂಡು, ‘ಉಳಿದದ್ದು’ ಕಂಡರೆ ಕಳೆ, ‘ತಲಾ’ ಕಂಡರೆ ಭಾಗಿಸು ಎನ್ನುವ ಪಟ್ಟಿ. ಕಿತ್ತಷ್ಟೂ ಅದು ಮತ್ತೆ ಗೋಡೆ ಹತ್ತುತ್ತದೆ. ಕೇಳಿದರೆ, ‘ಮಕ್ಕಳಿಗೆ ನಾಲ್ಕು ಅಂಕವಾದರೂ ಬರಲಿ ಅಂತ’ ಎನ್ನುತ್ತಾರೆ. ಆ ನಾಲ್ಕು ಅಂಕವೂ ಬರುವುದಿಲ್ಲ.

ಲತಾ ಬಳಿ 12 ಪೆನ್ಸಿಲ್ ಇವೆ. ರವಿಯ ಬಳಿ ಇರುವುದಕ್ಕಿಂತ ಇದು 5 ಹೆಚ್ಚು. ರವಿಯ ಬಳಿ ಎಷ್ಟು? ‘ಹೆಚ್ಚು’ ಕಂಡ ಮಗು ಕೂಡಿ 17 ಎನ್ನುತ್ತದೆ, ಸರಿಯುತ್ತರ 7. ‘ಇಬ್ಬರ ಬಳಿ ಒಟ್ಟು 20, ಒಬ್ಬನ ಬಳಿ 8, ಇನ್ನೊಬ್ಬನ ಬಳಿ ಎಷ್ಟು?’ ಇಲ್ಲಿ ‘ಒಟ್ಟು’ ಇದ್ದೂ ಕಳೆಯಬೇಕು. ‘8 ಪುಸ್ತಕ ಕೊಟ್ಟ ಮೇಲೆ 15 ಉಳಿದವು, ಮೊದಲು ಎಷ್ಟಿದ್ದವು?’ ಇಲ್ಲಿ ‘ಉಳಿದವು’ ಇದ್ದೂ ಕೂಡಬೇಕು. ‘4 ಮಕ್ಕಳಿಗೆ ತಲಾ 6’ ಎಂದರೆ ಗುಣಿಸಬೇಕು. ನಡೆದ ಕ್ರಮದಲ್ಲೇ ಹೇಳಿರುವ, ಒಂದೇ ಹೆಜ್ಜೆಯ ಲೆಕ್ಕಕ್ಕೆ ಪಟ್ಟಿ ಹೊಂದುತ್ತದೆ. ಕೆಳಗಿನ ತರಗತಿಗಳಲ್ಲಿ ಇರುವುದೇ ಅಂಥ ಲೆಕ್ಕಗಳಾದ್ದರಿಂದ ಪಟ್ಟಿ ಗೆದ್ದಂತೆ ಕಾಣುತ್ತದೆ. ಎರಡು ಹೆಜ್ಜೆಯ ಲೆಕ್ಕ ಬಂತೋ, ಮಗು ಕೈಚೆಲ್ಲಿ ಕೂರುತ್ತದೆ.

ಅದಕ್ಕಿಂತ ದೊಡ್ಡ ನಷ್ಟವೆಂದರೆ ಮಗು ಲೆಕ್ಕವನ್ನು ಓದುವುದನ್ನೇ ಬಿಡುತ್ತದೆ. ಸಂಖ್ಯೆ ಹೆಕ್ಕುವುದು, ಗುರುತಿನ ಪದ ಹುಡುಕುವುದು, ಏನೋ ಒಂದು ಮಾಡುವುದು. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಸಣ್ಣ ತರಗತಿಯ ಮಕ್ಕಳಿಗೆ ಒಮ್ಮೆ ಹೀಗೆ ಕೇಳಿದರು: ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ, ಕ್ಯಾಪ್ಟನ್ ವಯಸ್ಸೆಷ್ಟು? 97 ಮಕ್ಕಳಲ್ಲಿ 76 ಮಂದಿ ಆ ಎರಡು ಸಂಖ್ಯೆಗಳಿಂದಲೇ ವಯಸ್ಸು ಹೊರಡಿಸಿದರು. ಆ ಮಕ್ಕಳನ್ನು ದಡ್ಡರೆನ್ನಬೇಡಿ. ಕೊಟ್ಟ ಸಂಖ್ಯೆಯನ್ನೆಲ್ಲ ಬಳಸಿದರೆ ಉತ್ತರ ಸಿಗುತ್ತದೆ ಎಂದು ಶಾಲೆಯೇ ಕಲಿಸಿತ್ತು, ಅವರು ಕಲಿತಿದ್ದರು.

ಪಟ್ಟಿ ಕಿತ್ತ ಮೇಲೆ ಏನು? ಸಂಖ್ಯೆಗಳನ್ನು ಮುಚ್ಚಿ ಲೆಕ್ಕ ಓದಿಸಿ. ‘ಲತಾ ಬಳಿ ಕೆಲವು ಪೆನ್ಸಿಲ್, ರವಿಗಿಂತ ಹೆಚ್ಚು.’ ಯಾರ ಬಳಿ ಜಾಸ್ತಿ, ಯಾರದು ಗೊತ್ತಿದೆ, ಯಾರದು ಗೊತ್ತಿಲ್ಲ ಎಂದು ಮಗು ತನ್ನ ಮಾತಿನಲ್ಲಿ ಹೇಳಲಿ. ಒಂದರ ಕೆಳಗೊಂದು ಎರಡು ಆಯತ ಬರೆದು ಲತಾಳದ್ದನ್ನು ಉದ್ದ ಮಾಡಲಿ. ರವಿಯ ಉತ್ತರ ಲತಾಳದ್ದಕ್ಕಿಂತ ಕಡಿಮೆ ಎಂದು ಅಲ್ಲೇ ಕಾಣುತ್ತದೆ. ‘ಕೂಡೋದಾ’ ಎಂದು ಕೇಳುವ ಪ್ರಮೇಯವೇ ಬರುವುದಿಲ್ಲ. ಸಂಖ್ಯೆ ತೆರೆಯುವುದು ಆಮೇಲೆ. ಕೊನೆಗೆ, ಬಂದ ಉತ್ತರವನ್ನು ಲೆಕ್ಕದೊಳಗೇ ಇಟ್ಟು ಮತ್ತೆ ಓದಿಸಿ.

ಈ ಕೊನೆಯ ಹೆಜ್ಜೆಯನ್ನು ಹೆಚ್ಚಿನವರು ಹಾರಿಸಿಬಿಡುತ್ತಾರೆ. 130ನ್ನು 40ರಿಂದ ಭಾಗಿಸಿದರೆ ಭಾಗಲಬ್ಧ 3, ಶೇಷ 10. ಆದರೆ ಬಸ್ಸಿಗೆ 40ರಂತೆ 130 ಜನರಿಗೆ ಬೇಕಾದದ್ದು 4 ಬಸ್. 130 ಸೆಂ.ಮೀ. ಹಗ್ಗದಲ್ಲಿ 40 ಸೆಂ.ಮೀ.ನ ತುಂಡು ಸಿಗುವುದು 3. 130 ಲೀಟರ್ ನೀರನ್ನು 40 ಪಾತ್ರೆಗೆ ಸಮನಾಗಿ ಹಂಚಿದರೆ ಒಂದಕ್ಕೆ 3.25 ಲೀಟರ್. ಮೂರನ್ನೂ ಒಂದೇ ಪೀರಿಯಡ್‌ನಲ್ಲಿ ಕೊಡಿ. ಬೇರೆ ಬೇರೆ ದಿನ ಕೊಟ್ಟರೆ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. 1980ರ ದಶಕದ ಆರಂಭದಲ್ಲಿ ಅಮೆರಿಕದ ರಾಷ್ಟ್ರೀಯ ಮೌಲ್ಯಮಾಪನದಲ್ಲಿ 1128 ಸೈನಿಕರಿಗೆ ಬಸ್ಸಿಗೆ 36ರಂತೆ ಎಷ್ಟು ಬಸ್ ಬೇಕೆಂದು 13 ವರ್ಷದವರನ್ನು ಕೇಳಿದ್ದರು. ಸುಮಾರು ಶೇ. 70ರಷ್ಟು ಮಂದಿಯ ಭಾಗಾಕಾರ ಸರಿಯಿತ್ತು. 32 ಎಂದವರು ಶೇ. 23 ಮಾತ್ರ. ಶೇ. 29 ಮಂದಿಯ ಉತ್ತರ ‘31 ಬಸ್, ಶೇಷ 12’!

ಯಾರೂ ಕೇಳಿಲ್ಲ, ಆದರೂ ಟೈಲ್ಸ್ ಲೆಕ್ಕದ ಬಗ್ಗೆ ಹೇಳಿಯೇಬಿಡುತ್ತೇನೆ. 5 ಮೀ. ಉದ್ದ, 4 ಮೀ. ಅಗಲದ ಕೋಣೆಗೆ 60 ಸೆಂ.ಮೀ. ಚೌಕದ ಟೈಲ್ಸ್ ಎಷ್ಟು ಬೇಕು? ವಿಸ್ತೀರ್ಣ ಭಾಗಿಸಿದರೆ 55.56, ಅಂದರೆ 56. ಹಾಳೆಯ ಮೇಲೆ ಹಾಸಿ ನೋಡಲು ಹೇಳಿ. ಇಡಿಯಾಗಿ ಕೂರುವುದು 8 ಸಾಲು 6ರಂತೆ 48. ಉದ್ದದಲ್ಲಿ 20 ಸೆಂ.ಮೀ., ಅಗಲದಲ್ಲಿ 40 ಸೆಂ.ಮೀ. ಉಳಿಯುತ್ತದೆ. ಕತ್ತರಿಸಿದ ತುಂಡನ್ನು ಎಸೆಯುತ್ತ ಹೋದರೆ 9×7, ಅಂದರೆ 63 ಬೇಕು. 40 ಸೆಂ.ಮೀ. ಅಂಚಿಗೆ 8 ಟೈಲ್ಸ್ ಕತ್ತರಿಸಿ, ಮಿಕ್ಕ 20ರ ತುಂಡುಗಳನ್ನು ತಿರುಗಿಸಿ ಇನ್ನೊಂದು ಅಂಚಿಗೂ ಮೂಲೆಗೂ ಹಾಕಿದರೆ ಸರಿಯಾಗಿ 56ಕ್ಕೆ ಮುಗಿಯುತ್ತದೆ. ಗೆರೆಗೆರೆ ವಿನ್ಯಾಸದ ಟೈಲ್ಸ್ ಆದರೆ ತುಂಡು ತಿರುಗಿಸುವ ಹಾಗಿಲ್ಲ. ಆಗ 20ರ ಅಂಚಿಗೂ ಮೂಲೆಗೂ ಬೇರೆ 3 ಟೈಲ್ಸ್ ಕತ್ತರಿಸಬೇಕು, ಒಟ್ಟು 59. ಸಂದಿನ ಜಾಗ, ಒಡೆಯುವ ಟೈಲ್ಸ್ ಇದರಲ್ಲಿ ಸೇರಿಲ್ಲ. ‘ಯಾವ ಉತ್ತರ ಬರೆಯಲಿ?’ ಎಂದು ಮಕ್ಕಳು ಕೇಳುತ್ತಾರೆ. ಮೂರನ್ನೂ ಬರೆಸಿ, ಪ್ರತಿಯೊಂದರ ಮುಂದೆ ಅದು ಯಾವಾಗ ಸರಿ ಎಂಬುದನ್ನೂ ಬರೆಸಿ.